ನಿಲ್ಲದ ಲಿಫ್ಟಿನ ಮೆಕ್ಯಾನಿಕ್

ಹನ್ನೆರಡು ಮಹಡಿಯ ಆ ಕಚೇರಿ ಕಟ್ಟಡಕ್ಕೆ ಲಿಫ್ಟು ಎರಡು, ಮೆಕ್ಯಾನಿಕ್‌ಗಳೂ ಇಬ್ಬರು. ಎಡಗಡೆಯದು ನನ್ನ ಅಣ್ಣನದು. ಬಲಗಡೆಯದು ಬೆವರಪ್ಪನದು, ಆ ಅಡ್ಡಹೆಸರು ಅಣ್ಣನೇ ಇಟ್ಟದ್ದು. ಅಣ್ಣ ಬೆಳಿಗ್ಗೆ ಏಳಕ್ಕೇ ಹೋಗಿ, ಜನ ಬರುವಷ್ಟರಲ್ಲಿ ಉಕ್ಕಿನ ಹಗ್ಗ, ಬ್ರೇಕು, ಬಾಗಿಲಿನ ಹಳಿ ಎಲ್ಲ ನೋಡಿ, ಕೈ ತೊಳೆದು, ಇಸ್ತ್ರಿ ಅಂಗಿಯಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಬೆವರಪ್ಪನ ಲಿಫ್ಟು ವಾರಕ್ಕೊಮ್ಮೆ ನಿಲ್ಲುತ್ತಿತ್ತು, ಅದೂ ಮೇಲ್ವಿಚಾರಕರು ಒಳಗಿದ್ದಾಗಲೇ. ಅರ್ಧ ಗಂಟೆ ಗುದ್ದಾಡಿ, ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಬಾಗಿಲು ತೆರೆದು, "ಸರ್, ನಾನಿದೀನಲ್ಲ!" ಅನ್ನುತ್ತಿದ್ದ. ಅವರಿಗೆ ಅವನೇ ದೇವರು.

ಹೊಸ ವರ್ಷಕ್ಕೆ ಇಬ್ಬರಲ್ಲಿ ಒಬ್ಬನನ್ನೇ ಉಳಿಸಿಕೊಳ್ಳುತ್ತಾರೆಂದು ಗೊತ್ತಾದ ದಿನ ಅತ್ತಿಗೆ ಹಣೆ ಹಣೆ ಚಚ್ಚಿಕೊಂಡರು.

"ಮದುವೆಗೆ ಬಂದ ನೆಂಟನ ಥರ ಕೂತಿರ್ತೀರ. ಒಂದು ದಿನವಾದ್ರೂ ಆ ಲಿಫ್ಟ್ ನಿಲ್ಸ್ರೀ!"

"ಓಡೋ ಲಿಫ್ಟ್ ನಿಲ್ಸೋಕೆ ಸಂಬಳ ತಗೊಳ್ಲಾ?"

"ನಿಲ್ಸ್ದೇ ಇದ್ರೆ ಸಂಬಳಾನೇ ಇರಲ್ಲ, ಮಹಾರಾಯ್ರೇ!"

ನಾನು ಮನೆಯಲ್ಲಿ ಮೊದಲು ಪದವಿ ಓದಿದವನು. ಓದಿಸಿದವನು ಅಣ್ಣ. ಅವನಿಗೇ ಪಾಠ ಹೇಳಿದೆ: "ದಾಖಲೆ ಪುಸ್ತಕ ತೋರ್ಸಣ್ಣ, ಕೆಲಸಾನೇ ಮಾತಾಡುತ್ತೆ."

ತೋರಿಸಿದ. ಪ್ರತಿ ದಿನದ ಮುಂದೆಯೂ 'ಸರಿಯಿದೆ' ಎಂದಿತ್ತು. ಮೇಲ್ವಿಚಾರಕರು ಹಾಳೆ ತಿರುವಿ, "ಏನಪ್ಪಾ, ವರ್ಷವಿಡೀ ಏನೂ ಮಾಡೇ ಇಲ್ವಲ್ಲ?" ಎಂದರಂತೆ.

ಮರುದಿನ ಅಣ್ಣ ಹಲ್ಲು ಕಚ್ಚಿಕೊಂಡು, ಅವರು ಒಳಗಿದ್ದಾಗ ಐದು ಮತ್ತು ಆರನೇ ಮಹಡಿಯ ನಡುವೆ ಲಿಫ್ಟು ನಿಲ್ಲಿಸಿಯೇಬಿಟ್ಟ. ಅರ್ಧ ಗಂಟೆಯ ಲೆಕ್ಕಾಚಾರವಿತ್ತು. ಒಂದು ನಿಮಿಷವೂ ತಡೆಯಲಾಗಲಿಲ್ಲ, ಚಾಲೂ ಮಾಡಿದ. ಗ್ರೀಸು ಮೆತ್ತಿಕೊಳ್ಳುವುದೂ ಮರೆತುಹೋಗಿತ್ತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ದಾಖಲೆಯಲ್ಲಿ ಬರೆದ: 'ಲಿಫ್ಟಿನಲ್ಲಿ ದೋಷವಿರಲಿಲ್ಲ. ನಾನೇ ನಿಲ್ಲಿಸಿದೆ. ತಪ್ಪಾಯಿತು.'

ಸಂಜೆ ಪುಸ್ತಕ ವಾಪಸು ಬಂತು. ಕೆಳಗೆ ಮೇಲ್ವಿಚಾರಕರ ರುಜು, ಪಕ್ಕದಲ್ಲಿ 'ಶಹಬ್ಬಾಸ್!'

ಅಣ್ಣ ಅವರ ಕೋಣೆಗೆ ಓಡಿದ. "ಸರ್, ನಾನು ಬರ್ದಿದ್ದು ಓದಿದ್ರಾ?"

"ಓದೋದೇನು ಬಂತು, ನಾನೇ ಒಳಗಿದ್ನಲ್ಲ! ಅವನು ಅರ್ಧ ಗಂಟೆ ಒದ್ದಾಡೋದನ್ನ ನೀನು ಒಂದೇ ನಿಮಿಷಕ್ಕೆ ಮುಗಿಸ್ಬಿಟ್ಟೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ ಈ ಕೈಚಳಕಾನ?"

"ಅದಲ್ಲ ಸರ್..."

"ವಿನಯ ಸಾಕು, ಹೋಗು."

ಕೆಲಸ ಉಳಿಯಿತು. ಬೆವರಪ್ಪ ಹೋದ. ಅತ್ತಿಗೆಗೆ ಖುಷಿಯೋ ಖುಷಿ. ಆದರೆ ಮೇಲ್ವಿಚಾರಕರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅಣ್ಣನ ಬೆನ್ನು ತಟ್ಟಿ, ಜೊತೆಗಿದ್ದವರಿಗೆ ಆ ಒಂದು ನಿಮಿಷದ ಕಥೆ ಹೇಳುತ್ತಾರೆ. ತಪ್ಪಿಸಿಕೊಳ್ಳಲು ಅಣ್ಣ ಈಗ ಹನ್ನೆರಡೂ ಮಹಡಿ ಮೆಟ್ಟಿಲು ಹತ್ತುತ್ತಾನೆ. ಮೇಲೆ ತಲುಪುವಾಗ ಇಸ್ತ್ರಿ ಅಂಗಿ ಒದ್ದೆಯಾಗಿ ಬೆನ್ನಿಗಂಟಿರುತ್ತದೆ. ಅದನ್ನು ಕಂಡು ಅವರು ಇನ್ನಷ್ಟು ಮೆಚ್ಚುತ್ತಾರೆ.