ಕರೆಂಟು ಸಂಜೀವಯ್ಯನ ಫೋನಿಗೆ ಕರೆಂಟಿಲ್ಲ

ಕುಮಾರಸ್ವಾಮಿ ಲೇಔಟಿನ ಹದಿನೇಳನೇ ಮೇನಿನಲ್ಲಿ ಕರೆಂಟು ಹೋದರೆ ಜನ ದೇವರನ್ನು ನೆನೆಯುತ್ತಿದ್ದದ್ದು ಎರಡನೆಯದಾಗಿ. ಮೊದಲು ನೆನೆಯುತ್ತಿದ್ದದ್ದು ಸಂಜೀವಯ್ಯನವರನ್ನು. ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿ ಆ ಬಡಾವಣೆಯ ಕಂಬಗಳನ್ನೆಲ್ಲ ಹತ್ತಿಳಿದವರು. ನಿವೃತ್ತರಾಗಿ ಮೂರು ವರ್ಷವಾದರೂ ಫ್ಯಾನು ನಿಂತ ಮರುಕ್ಷಣ ಅವರ ಫೋನು ಬಡಿದುಕೊಳ್ಳುತ್ತಿತ್ತು. "ಆಫೀಸಿಗೆ ಹೇಳ್ತೀನಿ, ಹತ್ತೇ ನಿಮಿಷ" ಎಂದು ಅಭಯ ಕೊಡುವಾಗ ಅವರ ಎದೆ ಎರಡಿಂಚು ಹಿಗ್ಗುತ್ತಿತ್ತು. ಪೆನ್ಷನ್ನಿಗಿಂತ ಆ ಎರಡಿಂಚೇ ಅವರಿಗೆ ಹೆಚ್ಚು.

ಇಂಥ ಮಹಾನುಭಾವರಿಗೆ ಮಗಳು ವನಿತಾ ಹೊಸ ಫೋನು ತಂದುಕೊಟ್ಟಳು. ಮಾರುಕಟ್ಟೆಗೆ ಬಂದು ವಾರವೂ ಆಗದ ಮಾಡೆಲ್ಲು, ಬ್ಯಾಟರಿ ಎರಡು ದಿನ ಬರುತ್ತದಂತೆ. ಹೆಂಡತಿ ಸಪ್ಪಲಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ದೃಷ್ಟಿ ತೆಗೆದು ಗಂಡನ ಕೈಗಿತ್ತಳು.

ಮಾರನೇ ದಿನವೇ ಗ್ರಹಚಾರ ಶುರು. ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ನೂರರ ಬದಲು ಹತ್ತೊಂಬತ್ತು. ಹನ್ನೊಂದು ಗಂಟೆಗೆಲ್ಲ ಫೋನು ನಿರ್ವಿಕಲ್ಪ ಸಮಾಧಿ. ಸಂಜೀವಯ್ಯ ವಯರು ಬದಲಿಸಿದರು. ಟೆಸ್ಟರ್ ಹಿಡಿದು ಮನೆಯ ಹನ್ನೆರಡೂ ಸಾಕೆಟ್ಟುಗಳನ್ನು ವಿಚಾರಣೆಗೆ ಗುರಿಪಡಿಸಿದರು. ಎಲ್ಲವೂ ನಿರಪರಾಧಿಗಳು. ಫೋನು ಮಾತ್ರ ಇಂಗ್ಲಿಷಿನಲ್ಲಿ ಏನೋ ಗೊಣಗಿ ಕಣ್ಣು ಮುಚ್ಚುತ್ತಿತ್ತು.

ಗುರುವಾರ ಮಧ್ಯಾಹ್ನ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಹೊರಗೆ ಹೋಗಿದ್ದ ಸಂಜೀವಯ್ಯ ಸಂಜೆ ಮರಳುತ್ತಿದ್ದಂತೆ ಎದುರುಮನೆಯ ಕಾತ್ಯಾಯಿನಿ ಮೇಡಂ ಗೇಟಿನಲ್ಲೇ ಹಿಡಿದರು.

"ಏನ್ರೀ ಸಂಜೀವಯ್ಯನೋರೇ, ಆರು ಸಲ ಮಾಡ್ದೆ, ಸ್ವಿಚ್ ಆಫ್! ಕರೆಂಟು ಸಂಜೀವಯ್ಯನ ಫೋನಿಗೇ ಕರೆಂಟಿಲ್ವಾ? ಕೊನೆಗೆ ಕತ್ರಿಗುಪ್ಪೆ ಎಲೆಕ್ಟ್ರಿಷಿಯನ್ ಇದಾನಲ್ಲ, ರವಿಕುಮಾರ, ಅವನೇ ಆಫೀಸಿಗೆ ಹೇಳಿ ಮಾಡಿಸ್ಕೊಟ್ಟ. ಇನ್ಮೇಲೆ ನಿಮಗ್ಯಾಕೆ ತೊಂದ್ರೆ ಬಿಡಿ."

ಆ 'ಇನ್ಮೇಲೆ' ಹನ್ನೊಂದು ಕೆವಿ ತಂತಿಯಂತೆ ಬಡಿಯಿತು. ಇವತ್ತು ಟ್ರಾನ್ಸ್‌ಫಾರ್ಮರು ರವಿಕುಮಾರನ ಪಾಲು. ನಾಳೆ ಇಡೀ ಹದಿನೇಳನೇ ಮೇನು.

ಬೆಳಿಗ್ಗೆಯೇ ಹಳೆಯ ಖಾಕಿ ಅಂಗಿ ತೊಟ್ಟು ಸಂಜೀವಯ್ಯ ಜಯನಗರದ ಸರ್ವಿಸ್ ಸೆಂಟರಿನ ಮೇಲೆ ದಂಡೆತ್ತಿ ಹೋದರು. ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಶರ್ವಾಣಿ ಎಂಬ ಬಿಲ್ಲೆಯಿತ್ತು.

"ನೋಡಮ್ಮ, ನಾನು ಹನ್ನೊಂದು ಕೆವಿ ಜತೆ ಸಂಸಾರ ಮಾಡಿದೋನು. ಬ್ಯಾಟರಿ ವಿಷ್ಯದಲ್ಲಿ ನನಗೇ ಟೋಪಿ ಹಾಕ್ತೀರಾ?"

"ಒಂದ್ನಿಮಿಷ ಅಂಕಲ್."

ಅವಳು ಚಾರ್ಜರ್ ಚುಚ್ಚುವ ತೂತಿಗೆ ಟಾರ್ಚು ಬಿಟ್ಟು, ಸಣ್ಣ ಚಿಮಟದಿಂದ ಕೆದಕಿದಳು. ಕೆಂಪು ಪುಡಿ ಉದುರಿತು. ಹಿಂದೆಯೇ ಹಳದಿ ಬಣ್ಣದ ಅಕ್ಕಿ ನುಚ್ಚೊಂದು ಈಚೆ ಬಂತು.

"ಅಂಕಲ್, ಫೋನಿಗೆ ಊಟ ಬೇರೆ ಹಾಕಿದೀರಾ?"

ಕ್ಯೂನಲ್ಲಿದ್ದವರೆಲ್ಲ ನಕ್ಕರು. ಸಂಜೀವಯ್ಯನವರಿಗೆ ಪೂಜೆಯ ದಿನ ನೆನಪಾಯಿತು. "ಕರೆಂಟು ಕುಡಿಯೋ ಬಾಯಿ ಇದೇನಾ?" ಎಂದು ಸಪ್ಪಲಮ್ಮ ಕೇಳಿದ್ದಳು. "ಹೂಂ, ಅದೇ" ಎಂದವರು ಇವರೇ. ಅವಳು ಪ್ರೀತಿಯಿಂದ ಅಲ್ಲಿಗೆ ಇನ್ನೊಂದು ಚಿಟಿಕೆ ಕುಂಕುಮ ಒತ್ತಿದ್ದಳು. ಕರೆಂಟು ಬರಲಿಲ್ಲವೆಂದರೆ ಮೊದಲು ಕಾಂಟ್ಯಾಕ್ಟ್ ನೋಡಿ ಎಂದು ಹೊಸ ಲೈನ್‌ಮನ್‌ಗಳಿಗೆ ಜೀವಮಾನವಿಡೀ ಬೋಧಿಸಿದವರು, ಆ ತೂತಿನ ಕಡೆ ತಿರುಗಿಯೂ ನೋಡಿರಲಿಲ್ಲ.

"ಮೂವತ್ತನಾಲ್ಕು ವರ್ಷ ಆಯುಧಪೂಜೇಲಿ ಟ್ರಾನ್ಸ್‌ಫಾರ್ಮರಿಗೆ ಕುಂಕುಮ ಇಟ್ಟಿದೀನಮ್ಮ," ಎಂದರು ಸೋತ ದನಿಯಲ್ಲಿ. "ಅದು ಒಂದಿನಾನೂ ಹಿಂಗ್ ಮಾಡ್ಲಿಲ್ಲ."

"ಅದಕ್ಕೆ ಇಷ್ಟು ಪುಟ್ಟ ಬಾಯಿ ಇಲ್ವಲ್ಲ ಅಂಕಲ್."

ಚಾರ್ಜು ತುಂಬಿದ ಫೋನಿನೊಂದಿಗೆ ಮನೆಗೆ ಬಂದಾಗ ಸಪ್ಪಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಗಿತ್ತಂತೆ?"

ನಿಜ ನಾಲಿಗೆಯ ತುದಿಗೆ ಬಂತು. ಅವಳ ಕೈಯಲ್ಲಿ ಕುಂಕುಮದ ಭರಣಿ ಕಂಡು ಅಲ್ಲೇ ನಿಂತಿತು.

"ಲೂಸ್ ಕಾಂಟ್ಯಾಕ್ಟು."

"ನೋಡಿ ಮತ್ತೆ! ನಾನು ಪೂಜೆ ಮಾಡಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ಕೊಡಿ ಇಲ್ಲಿ, ಆಸ್ಪತ್ರೆಯಿಂದ ಬಂದೈತೆ, ಒಂಚೂರು ಇಡ್ತೀನಿ."

ಅವಳ ಬೆರಳು ಭರಣಿಗಿಳಿಯಿತು. ಸಂಜೀವಯ್ಯ ತೂತಿನ ಮೇಲೆ ಹೆಬ್ಬೆರಳನ್ನು ಬಿರಡೆಯಂತೆ ಒತ್ತಿ ಹಿಡಿದು, ಫೋನಿನ ಬೆನ್ನು ಒಡ್ಡಿದರು.

"ಇಲ್ಲಿಡು. ಈ ಮಾಡೆಲ್ಲಿಗೆ ಹಣೆ ಹಿಂದ್ಗಡೆ ಐತಂತೆ."

ಕುಂಕುಮ ಒಣಗುವ ಮೊದಲೇ ಫ್ಯಾನು ನಿಂತಿತು. ಫೋನು ಹೊಡೆದುಕೊಂಡಿತು. ಕಾತ್ಯಾಯಿನಿ ಮೇಡಂ.

"ಸಂಜೀವಯ್ಯನೋರೇ, ಕರೆಂಟ್ ಹೋಯ್ತು! ಆ ರವಿಕುಮಾರಂಗೆ ಮಾಡಿದ್ರೆ ಸ್ವಿಚ್ ಆಫು. ನಿನ್ನೆ ಯಾವ್ದೋ ಹೊಸ ಫೋನ್ ತಗೊಂಡನಂತೆ."

ಎದೆ ಎರಡಿಂಚಲ್ಲ, ಮೂರಿಂಚು ಹಿಗ್ಗಿತು. ಹೆಬ್ಬೆರಳು ಮಾತ್ರ ಕದಲಲಿಲ್ಲ.

"ಪಾಪ," ಎಂದರು ಸಂಜೀವಯ್ಯ. "ನೀವು ಯೋಚ್ನೆ ಮಾಡ್ಬೇಡಿ ಮೇಡಂ. ಹತ್ತೇ ನಿಮಿಷ."