ಮಾಸ್ತರರು ಕೆಡಿಸಿರದ ಕಂಪ್ಯೂಟರು

ಗುರುಲಿಂಗಪ್ಪ ಮಾಸ್ತರರು ಕಂಪ್ಯೂಟರ್ ಕೆಡಿಸಿರಲಿಲ್ಲ. ಅದು ಕೆಟ್ಟೇ ಇರಲಿಲ್ಲ. ಎರಡು ಕೀ ಒಟ್ಟಿಗೆ ಒತ್ತಿದ್ದರೆ ಸರಿಹೋಗುತ್ತಿತ್ತು. ಆ ಎರಡು ಕೀ ಯಾವುವೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ — ಮತ್ತು ನಾನು, ಸುವರ್ಣಾ, ಅವರ ಹತ್ತಿರವೇ ಟೈಪಿಂಗ್ ಕಲಿತವಳು, ನನಗೇನೂ ಗೊತ್ತಿಲ್ಲ ಎಂದೆ. ಒಂಬತ್ತು ವರ್ಷದ ಹಿಂದಿನ ಮಾತು. ಇಷ್ಟನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಏಕೆಂದರೆ ಮುಂದೆ ಹೋದಂತೆ ನನ್ನ ಪರವಾಗಿ ನಾನೇ ವಕೀಲಿ ಮಾಡುವ ಚಾಳಿ ನನಗಿದೆ.

ಮುದ್ದೇಬಿಹಾಳದಲ್ಲಿ ಮಾಸ್ತರರದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎಂಟು ಮಶಿನ್ನು, ಒಂದು ಗೋಡೆ ಗಡಿಯಾರ, ಬಾಗಿಲ ಬಳಿ ನೀರಿನ ಕೊಡ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನಂಥ ಹುಡುಗಿಯರೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಅವರು ಬಯ್ಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಹಾಳೆಯಲ್ಲಿ ಒಂದು ಅಕ್ಷರ ತಪ್ಪಿದರೂ ಸಾಕು, ಕಡೆಯ ಸಾಲಿನಲ್ಲಿ ತಪ್ಪಿದ್ದರೂ ಸರಿ, ಒಂದೇ ಮಾತು: “ಅಳಸೂದು ಇಲ್ಲ. ಹೊಸ ಹಾಳಿ ಹಚ್ಚು.” ನಾವು ಅವರ ಬೆನ್ನ ಹಿಂದೆ ಅವರನ್ನು ‘ಹೊಸ ಹಾಳಿ’ ಎಂದೇ ಕರೆಯುತ್ತಿದ್ದೆವು. ಹೆಸರಿಟ್ಟವಳೂ ನಾನೇ. ಸೀನಿಯರ್ ಪರೀಕ್ಷೆಯಲ್ಲಿ ನಾನು ಒಳ್ಳೆಯ ನಂಬರಿನಲ್ಲಿ ಪಾಸಾದಾಗ ಮಾತ್ರ ನನ್ನ ಬೆರಳುಗಳನ್ನು ನೋಡಿ, “ಕೈ ಕೂತಾವ” ಎಂದಿದ್ದರು. ಆ ಎರಡು ಶಬ್ದ ಹೊತ್ತುಕೊಂಡು ನಾನು ಮನೆಯವರೆಗೆ ಹೇಗೆ ನಡೆದೆನೋ ನನಗೇ ಗೊತ್ತು.

ಆಮೇಲೆ ಊರಿಗೆ ಕಂಪ್ಯೂಟರ್ ಬಂತು. ಮಾಸ್ತರರ ಹಳೆಯ ಶಿಷ್ಯ ಅಶೋಕ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಸೆಂಟರ್ ತೆಗೆದ. ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗುತ್ತ ಹೋದರು, ಮಶಿನ್ನುಗಳ ಮೇಲೆ ಹೊದಿಕೆ ಬಿತ್ತು. ಐವತ್ತು ದಾಟಿದ್ದ ಮಾಸ್ತರರನ್ನು ಅಶೋಕ ಗೌರವದಿಂದಲೇ ತನ್ನ ಸೆಂಟರಿಗೆ ಕರೆದ. ಅವರು ಬಂದರು, ಬರುವಾಗ ನನ್ನನ್ನೂ ಕರೆತಂದರು. “ಈಕಿ ಕೈ ಛಲೋ ಅದಾವಪಾ, ಈಕಿಗೂ ಒಂದು ಜಾಗಾ ಕೊಡು” ಎಂದು ಅವರು ಅಶೋಕನಿಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಅಂದರೆ — ನಾನು ಕೂತ ಕುರ್ಚಿಯೂ ಅವರು ಕೇಳಿ ಕೊಡಿಸಿದ್ದು.

ನಮಗೆ ಬಂದ ದೊಡ್ಡ ಕೆಲಸವೆಂದರೆ ಹೊಳೆದಂಡೆಯ ಊರುಗಳ ಮನೆಪಟ್ಟಿ. ಆಲಮಟ್ಟಿ ಆಣೆಕಟ್ಟಿನ ನೀರು ಏರುತ್ತಿದ್ದ ಕಾಲ. ಆ ಕಡೆಯ ಎಷ್ಟೋ ಮನೆತನದವರು ಮೇಲಿನ ಹೊಸ ಪ್ಲಾಟುಗಳಿಗೆ ಹೋಗಬೇಕಿತ್ತು. ಯಾರ ಹಳೆಯ ಮನೆ ನಂಬರ್ ಯಾವುದು, ಹೊಸ ಪ್ಲಾಟ್ ನಂಬರ್ ಯಾವುದು, ಎರಡೂ ಪಟ್ಟಿ ಟೈಪ್ ಮಾಡಿ ತಾಳೆ ನೋಡಿ ಕೊಡಬೇಕು. ಆ ಪ್ರೋಗ್ರಾಮು ಹಳೆಯ ಕಾಲದ್ದು. ತೆರೆದರೆ ಪರದೆಯನ್ನೆಲ್ಲ ತಾನೇ ತುಂಬಿಕೊಂಡು ಕೂರುವುದು: ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಹಿಂದೆ ವಿಂಡೋಸ್ ಇದೆ ಎಂಬುದೂ ಕಾಣುತ್ತಿರಲಿಲ್ಲ. ಒಂದು ಪಟ್ಟಿ ನೋಡುವಾಗ ಇನ್ನೊಂದು ಕಾಣದು. ಹಾಗಾಗಿ ಒಂದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಇನ್ನೊಂದನ್ನು ಪರದೆಯಲ್ಲಿ ಓದುತ್ತ ಎಲ್ಲರ ಕುತ್ತಿಗೆ ನೋಯುತ್ತಿತ್ತು.

ಆ ದಿನಕ್ಕೆ ಒಂದು ವಾರ ಮೊದಲು ಮಾಸ್ತರರು ಊಟಕ್ಕೆ ಹೋದಾಗ ನಾನು ಅವರ ಕಂಪ್ಯೂಟರಿನಲ್ಲಿ ಕೂತಿದ್ದೆ. ಏನೋ ಒತ್ತಿದೆ, ನೀಲಿ ಪರದೆ ಕುಗ್ಗಿ ಒಂದು ಚೌಕಟ್ಟಿನೊಳಗೆ ಬಂದು ಕೂತಿತು. ಏನು ಒತ್ತಿದೆ ಎಂದು ನೆನಪಿಸಿಕೊಂಡು ಅದನ್ನೇ ಮತ್ತೆ ಒತ್ತಿದೆ — ಆಲ್ಟ್ ಹಿಡಿದು ಎಂಟರ್ — ಮತ್ತೆ ಮೊದಲಿನಂತಾಯಿತು. ಮತ್ತೆ ಒತ್ತಿದೆ, ಮತ್ತೆ ಚೌಕಟ್ಟು. ಆ ಚೌಕಟ್ಟನ್ನು ಎಳೆದಾಡಬಹುದಿತ್ತು. ಮೇಲೆ ಅಕ್ಷರದ ಅಳತೆ ಆರಿಸುವ ಜಾಗವಿತ್ತು, ಅಕ್ಷರ ಸಣ್ಣದು ಮಾಡಿದರೆ ಚೌಕಟ್ಟೂ ಸಣ್ಣದಾಗುತ್ತಿತ್ತು. ಪ್ರೋಗ್ರಾಮನ್ನು ಎರಡು ಸಲ ತೆರೆದು ಎರಡು ಚೌಕಟ್ಟು ಮಾಡಿ ಅಕ್ಕಪಕ್ಕ ಇಟ್ಟೆ. ಹಳೆಯ ಊರು ಎಡಕ್ಕೆ, ಹೊಸ ಊರು ಬಲಕ್ಕೆ. ಕುತ್ತಿಗೆ ಬಗ್ಗಿಸುವುದೇ ಬೇಡ. ಮಾಸ್ತರರು ಬರುವ ಸಪ್ಪಳ ಕೇಳಿದ್ದೇ ಎಲ್ಲ ಮುಚ್ಚಿ, ಪರದೆ ತುಂಬಿಸಿ, ಎದ್ದೆ. ಯಾರಿಗೂ ಹೇಳಲಿಲ್ಲ.

ಏಕೆ ಹೇಳಲಿಲ್ಲ? ಅಶೋಕ ಸಿಂದಗಿಯಲ್ಲಿ ಇನ್ನೊಂದು ಸೆಂಟರ್ ತೆಗೆಯುವವನಿದ್ದ. ಅದನ್ನು ನೋಡಿಕೊಳ್ಳಲು ನಮ್ಮಲ್ಲಿ ಒಬ್ಬರನ್ನು ಕಳಿಸುವವನಿದ್ದ. ವೇಗದಲ್ಲಿ, ತಪ್ಪಿಲ್ಲದ ಕೆಲಸದಲ್ಲಿ ಮಾಸ್ತರರ ಮುಂದೆ ನಾನು ನಿಲ್ಲುವಂತಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದಾದರೂ ನನಗೆ ಗೊತ್ತಿರಲಿ ಎಂದು — ಹೌದು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರು. ಕೆಲಸ ಕೊಟ್ಟಿದ್ದ ಗುತ್ತಿಗೆದಾರರು ನೋಡಲು ಬಂದಿದ್ದರು. ಅಶೋಕ ಅವರನ್ನು ನೇರ ಮಾಸ್ತರರ ಹಿಂದೆ ತಂದು ನಿಲ್ಲಿಸಿ, “ನೋಡ್ರಿ, ನಮ್ಮ ಗುರುಗಳ ಸ್ಪೀಡ್” ಎಂದ. ನಾನು ಮತ್ತು ಇನ್ನೊಬ್ಬ ಆಪರೇಟರ್ ಭಾರತಿ ಪಕ್ಕದಲ್ಲಿದ್ದೆವು. ಮಾಸ್ತರರು ಮೂವತ್ತು ವರ್ಷ ಕಬ್ಬಿಣದ ಮಶಿನ್ನಿನ ಮೇಲೆ ದುಡಿದವರು, ಕಂಪ್ಯೂಟರಿನ ಕೀಗಳನ್ನೂ ಹಾಗೇ ಕುಟ್ಟುತ್ತಿದ್ದರು. ಜನ ನೋಡುತ್ತಿದ್ದಾರೆಂದು ಇನ್ನಷ್ಟು ಜೋರಾದರು. ಸಾಲು ಮುಗಿಯಿತು, ಬಲಗೈಯ ಕಿರುಬೆರಳು ಎಂಟರ್ ಮೇಲೆ ಬಿತ್ತು, ಅದೇ ಹೊತ್ತಿಗೆ ಸ್ಪೇಸ್‌ಬಾರಿಗೆ ಹೋಗಬೇಕಾದ ಎಡ ಹೆಬ್ಬೆರಳು ಜಾರಿ ಪಕ್ಕದ ಆಲ್ಟ್ ಮೇಲೆ. ನಾನು ನೋಡಿದೆ. ಕಣ್ಣಾರೆ ನೋಡಿದೆ.

ಮಾನಿಟರ್ ಟಕ್ ಎಂದು ಒಂದು ಕ್ಷಣ ಕಪ್ಪಾಯಿತು. ಬೆಳಕು ಬಂದಾಗ ಪಟ್ಟಿಯೆಲ್ಲ ಅಂಗೈಯಗಲದ ಚೌಕಟ್ಟಿನೊಳಗೆ ಸೇರಿತ್ತು. ಅಕ್ಷರಗಳು ಸಾಸಿವೆಯಷ್ಟು. ಮಾಸ್ತರರು ಕರೆಂಟ್ ಹೊಡೆದವರಂತೆ ಎರಡೂ ಕೈ ಮೇಲೆತ್ತಿದರು. “ನಾ ಏನೂ ಮಾಡಿಲ್ಲಪಾ” ಎಂದರು.

ಅಶೋಕ ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತಿದ. ಚೌಕಟ್ಟು ಮೂಲೆಗೆ ಹೋಯಿತೇ ಹೊರತು ದೊಡ್ಡದಾಗಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ. ಮತ್ತೆ ಅದೇ ಸಾಸಿವೆ. ಇಲ್ಲೊಂದು ಮಾತು ನಾನು ಇಷ್ಟು ವರ್ಷ ನನಗೂ ಹೇಳಿಕೊಂಡಿರಲಿಲ್ಲ — ಅದು ಅಷ್ಟು ಸಣ್ಣದಾಗಿದ್ದದ್ದು ಮಾಸ್ತರರಿಂದ ಅಲ್ಲ. ವಾರದ ಹಿಂದೆ ಎರಡು ಪಟ್ಟಿ ಅಕ್ಕಪಕ್ಕ ಹಿಡಿಸಲೆಂದು ಅಕ್ಷರ ಸಣ್ಣದು ಮಾಡಿಟ್ಟವಳು ನಾನು. ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಂಡಿತ್ತು.

“ವೈರಸ್ ಹೊಕ್ಕಿರಬೇಕ್ರಿ” ಎಂದ ಅಶೋಕ, ಗುತ್ತಿಗೆದಾರರಿಗೆ. ಅವರು ಮುಖ ಸಣ್ಣ ಮಾಡಿ, “ನಮ್ಮ ಪಟ್ಟಿ ಹೋತೇನು ಹಂಗಾರ?” ಎಂದರು. ಅಶೋಕನಿಗೆ ಎಲ್ಲಿಲ್ಲದ ಅವಮಾನ. ಅದನ್ನು ತಂದು ಮಾಸ್ತರರ ಮೇಲೆ ಹಾಕಿದ. “ಸರ್, ಇದು ನಿಮ್ಮ ಟೈಪ್‌ರೈಟರ್ ಅಲ್ರಿ. ಕುಟ್ಟಬ್ಯಾಡ್ರಿ, ಕುಟ್ಟಬ್ಯಾಡ್ರಿ ಅಂತ ಎಷ್ಟ್ ಸಲ ಹೇಳೇನಿ? ಕೆಡಿಸಿ ಇಟ್ರಲ್ಲ.”

ಮಾಸ್ತರರು ನನ್ನ ಕಡೆ ತಿರುಗಿದರು. ಅಂಥ ಕಣ್ಣು ಅವರದು ನಾನು ಎಂದೂ ನೋಡಿರಲಿಲ್ಲ, ಪರೀಕ್ಷೆಗೆ ಕೂತ ಹುಡುಗಿಯರ ಕಣ್ಣು ಹಾಗಿರುತ್ತದೆ.

“ಸುವರ್ಣಾ, ನಿನಗೇನರ ಗೊತ್ತೈತೇನವಾ ಇದು?”

“ನನಗೇನೂ ಗೊತ್ತಿಲ್ರಿ ಸರ್.”

ಯಾರೂ ನನ್ನ ಬಾಯಿಗೆ ಆ ಮಾತು ತುರುಕಲಿಲ್ಲ. ಹೆದರಿಕೆಯೂ ಇರಲಿಲ್ಲ. ಹೇಳುವ ಮೊದಲು ಒಂದು ಗಳಿಗೆ ಯೋಚಿಸಿದ್ದೆ ಕೂಡ — ಸಿಂದಗಿ ಎಂದು.

ಅವರು ಎದ್ದರು. ಕೀಬೋರ್ಡಿನ ಮೇಲೆ ಹೊದಿಕೆ ಹಾಕಿದರು, ಇನ್‌ಸ್ಟಿಟ್ಯೂಟಿನಲ್ಲಿ ಸಂಜೆ ಮಶಿನ್ನುಗಳಿಗೆ ಹಾಕುತ್ತಿದ್ದಂತೆ, ನಾಲ್ಕೂ ಮೂಲೆ ಎಳೆದು. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಮರುದಿನ ಬರಲಿಲ್ಲ. ಅಶೋಕ ಒಮ್ಮೆ ಮನೆಗೆ ಹೋಗಿ ಕರೆದನಂತೆ, “ನನ್ನ ಕೈ ಇದಕ್ಕ ಅಲ್ಲಪಾ” ಎಂದರಂತೆ. ಅವರ ಹೆಂಡತಿ ನೀಲಮ್ಮಕ್ಕಾರು ಶಾಲೆಯಲ್ಲಿ ಕಲಿಸುತ್ತಿದ್ದರು. ಅವರಿಗೆ ಬಸವನ ಬಾಗೇವಾಡಿಗೆ ವರ್ಗವಾದಾಗ ಮಾಸ್ತರರು ಇನ್‌ಸ್ಟಿಟ್ಯೂಟ್ ಮುಚ್ಚಿ ಅವರ ಜೊತೆ ಹೋದರು.

ಮೂರನೆಯ ದಿನ ನಾನು ಆ ಎರಡು ಕೀ ಒತ್ತಿದೆ. “ಹುಡುಕಿ ಹುಡುಕಿ ಸರಿ ಮಾಡಿದೆನ್ರಿ” ಎಂದೆ ಅಶೋಕನಿಗೆ. ಮತ್ತೂ ಒಂದು ವಾರ ಬಿಟ್ಟು ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವನು ಬೆರಗಾದ. ಗುತ್ತಿಗೆದಾರರು ಮತ್ತೆ ಬಂದಾಗ ಅವರ ಮುಂದೆ ನನ್ನನ್ನು ಕೂರಿಸಿದ, ಅದೇ ಕುರ್ಚಿಯಲ್ಲಿ. ಸಿಂದಗಿ ನನಗೆ ಸಿಕ್ಕಿತು. ಅಲ್ಲಿ ನನ್ನನ್ನು ಮೇಡಂ ಎನ್ನತೊಡಗಿದರು. ಮಾಸ್ತರರ ನೆನಪು ಬರುತ್ತಿರಲಿಲ್ಲವೇ? ಬರುತ್ತಿತ್ತು. ಬಂದಾಗ, ಹೇಗೂ ಅವರ ವಯಸ್ಸಿಗೆ ಅದು ಹೊಂದುತ್ತಿರಲಿಲ್ಲ ಎಂದುಕೊಂಡು ಬೇರೆ ಕೆಲಸ ಹಿಡಿಯುತ್ತಿದ್ದೆ.

ಈ ವರ್ಷ ಇಂಡಿ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ ನಮ್ಮ ಸೆಂಟರಿಗೆ ಕಲಿಯಲು ಬಂದರು. ನಲವತ್ತೈದರ ಹೆಂಗಸು. ಟೈಪಿಂಗ್ ಅಭ್ಯಾಸಕ್ಕೆ ನಾವು ಇನ್ನೂ ಹಳೆಯ ಪ್ರೋಗ್ರಾಮನ್ನೇ ಇಟ್ಟಿದ್ದೇವೆ, ಪರದೆ ತುಂಬುವಂಥದ್ದು. ಒಂದು ಮಧ್ಯಾಹ್ನ ಅದು ಕುಗ್ಗಿ ಚೌಕಟ್ಟಾಯಿತು. ಆಕೆ ಎರಡೂ ಕೈ ಮೇಲೆತ್ತಿದರು. “ಮೇಡಂ, ನಾ ಏನೂ ಮಾಡಿಲ್ರಿ.” ನಾನು ಬಗ್ಗಿ ಆಲ್ಟ್ ಹಿಡಿದು ಎಂಟರ್ ಒತ್ತಿದೆ. ಆಕೆ ಎದೆ ಮುಟ್ಟಿಕೊಂಡು ನಕ್ಕರು. “ಇಷ್ಟೇ ಏನ್ರಿ? ನಾ ಸತ್ತೇ ಹೋಗಿದ್ದೆ.”

ಇಷ್ಟೇ. ನಾನು ಎದ್ದು ಹೊರಗೆ ಹೋಗಿ ನಿಂತೆ. ಆ ಭಾನುವಾರ ಬಾಗೇವಾಡಿಯ ಬಸ್ ಹತ್ತಿದೆ.

ಮಾಸ್ತರರು ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಗುರುತು ಹಿಡಿದು, “ಸುವರ್ಣಾ ಏನು? ಬಾ, ಕೂಡು” ಎಂದರು. ನಾನು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಬೇರೆ ಮಾತು ಬರುತ್ತದೆ. ನಿಂತೇ ಹೇಳಿದೆ.

“ಯಾವ ಕೀ?” ಎಂದರು.

ಹೇಳಿದೆ. ಅವರ ಬೆರಳುಗಳು ಮೊಳಕಾಲ ಮೇಲೆ ಅಲ್ಲಾಡಿದವು. “ಎಡ ಹೆಬ್ಬಟ್ಟು, ಬಲ ಕಿರಿಬಳ್ಳು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕೇಳಿದರು, “ಸರಿ ಮಾಡಾಕ ಎಷ್ಟೊತ್ತು ಬೇಕಿತ್ತು?”

“ಒಂದ್ ಸೆಕೆಂಡ್ ರಿ.”

ಅವರು ಒಳಗೆ ಕೂಗಿದರು. “ಏ ಇವಳೇ, ಹೊರಗ ಬಾ ಇಲ್ಲೆ. ಈಕಿ ಹೇಳೂದು ಕೇಳು.” ನೀಲಮ್ಮಕ್ಕಾರು ಕೈ ಒರೆಸಿಕೊಳ್ಳುತ್ತ ಬಂದರು. ಅವರ ಮುಂದೆ ನಾನು ಎರಡನೆಯ ಸಲ, ಮೊದಲಿನಿಂದ, ಎಲ್ಲವನ್ನೂ ಹೇಳಿದೆ. ಎರಡನೆಯ ಸಲ ಹೆಚ್ಚು ಕಷ್ಟವಾಯಿತು. ಅಕ್ಕಾರು ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಗಂಡನನ್ನು ನೋಡುತ್ತ ನನಗೆ ಹೇಳಿದರು: “ಅವತ್ತಿಂದ ಇವರು ಮನ್ಯಾಗಿನ ಮಿಕ್ಸರ್ ಸುದ್ದಾ ಮುಟ್ಟಿಲ್ಲವಾ. ಮೊಬೈಲ್ ನಂಬರ್ ನಾ ಒತ್ತಿ ಕೊಡಬೇಕು. ನಾ ಮುಟ್ಟಿದ್ದು ಕೆಡತೈತಿ ಅಂತಾರ.”

ಕ್ಷಮಿಸಿರಿ ಎನ್ನಲೆಂದು ಬಾಯಿ ತೆರೆದೆ, ಆದರೆ ಆ ಶಬ್ದ ತೀರಾ — ಬೇಡ ಎನಿಸಿತು.

ಮಾಸ್ತರರು ಮೂಲೆಯ ಕಡೆ ಕೈ ತೋರಿಸಿದರು. ಹೊದಿಕೆ ಹಾಕಿದ ಒಂದು ಮಶಿನ್ನು, ಎಂಟರಲ್ಲಿ ಅವರು ಮಾರದೆ ಇಟ್ಟುಕೊಂಡಿದ್ದು. “ಬಾಯಿಲೆ ಹೇಳಿದ್ದು ಗಾಳಿಗೆ ಹೋಗತೈತಿ. ಟೈಪ್ ಮಾಡಿ ಕೊಡು. ಅವತ್ತ ಅಲ್ಲೆ ಯಾರ್‍ಯಾರು ಇದ್ರು?”

“ಅಶೋಕ, ಭಾರತಿ, ಗುತ್ತಿಗೆದಾರರು.”

“ಅವರಿಗೆ ಒಂದೊಂದು. ಈ ಮನಿಗೆ ಒಂದು. ನಾಕ ಪ್ರತಿ.”

ಇವತ್ತು ಐದನೆಯ ಭಾನುವಾರ. ಸಿಂದಗಿಯಿಂದ ಬೆಳಿಗ್ಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ಹೋಗುತ್ತೇನೆ. ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್. ಕಡೆಯ ಹಾಳೆಯವರೆಗೆ ಅಕ್ಷರ ಮೂಡಬೇಕಾದರೆ ಮೆಲ್ಲಗೆ ಒತ್ತಿದರೆ ಆಗದು, ಕುಟ್ಟಲೇಬೇಕು. ವರ್ಷಗಟ್ಟಲೆ ಮೆತ್ತನೆಯ ಕೀಗಳ ಮೇಲೆ ಆಡಿದ ನನ್ನ ಬೆರಳುಗಳು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತವೆ. ಮಾಸ್ತರರು ಪಕ್ಕದ ಕುರ್ಚಿಯಲ್ಲಿ ಕೂತು ಓದುತ್ತಾರೆ. ‘ನನಗೇನೂ ಗೊತ್ತಿಲ್ರಿ ಸರ್’ ಎಂಬ ಸಾಲು ಬಂದಾಗಲೆಲ್ಲ ನನ್ನ ಕೈ ತಪ್ಪಿದೆ, ಮೂರು ಭಾನುವಾರ ಅದೇ ಸಾಲಿನಲ್ಲಿ. ಅವರು ಮಶಿನ್ನು ಮುಟ್ಟದೆ, ಕೂತಲ್ಲಿಂದಲೇ ಬೆರಳು ತೋರಿಸಿ, “ಹೊಸ ಹಾಳಿ ಹಚ್ಚು” ಎನ್ನುತ್ತಾರೆ. ನಾನು ಎಲ್ಲವನ್ನೂ ತೆಗೆದು ಮತ್ತೆ ಹಚ್ಚುತ್ತೇನೆ.

ಅಶೋಕ, ಭಾರತಿ, ಗುತ್ತಿಗೆದಾರರೇ — ಈ ಬರಹದ ನಿಮ್ಮ ಪ್ರತಿಯನ್ನು ನಾನೇ ತಂದು ಕೈಗೆ ಕೊಡುತ್ತೇನೆ, ನನ್ನ ಮುಂದೆಯೇ ಓದಿರಿ. ಮಾಸ್ತರರು ನನಗೆ ಕ್ಷಮೆಯ ಮಾತು ಆಡಿಲ್ಲ, ನಾನೂ ಕೇಳಿಲ್ಲ. ಇವತ್ತಿನ ಹಾಳೆಯಲ್ಲಿ ಇಲ್ಲಿಯವರೆಗೆ ತಪ್ಪು ಬಿದ್ದಿಲ್ಲ. ಈಗಷ್ಟೇ ರಿಬ್ಬನ್ ಸಿಕ್ಕಿಕೊಂಡಿತ್ತು. ನಾನೇ ಬಿಡಿಸಿಕೊಳ್ಳುವ ಮೊದಲು, ಸರಿ ಮಾಡಿ ಕೊಡಿರಿ ಸರ್ ಎಂದು ಮಶಿನ್ನನ್ನು ಅವರ ಕಡೆ ತಿರುಗಿಸಿದೆ. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.