ದಾಕ್ಷಾಯಣಿ ಮಿಸ್ಸಿನ ಒದ್ದೆ ಬೆರಳು

ಗುಬ್ಬಿ ಕಡೆಯಿಂದ ಬಂದ ದಾಕ್ಷಾಯಣಿ ಮಿಸ್ಸಿನ ಬಲಗೈ ತೋರುಬೆರಳಿಗೆ ಎದುರು ನಿಲ್ಲಬಲ್ಲ ಪುಸ್ತಕ ಭೂಮಿಯ ಮೇಲೆ ಇನ್ನೂ ಅಚ್ಚಾಗಿಲ್ಲ. ಆ ಬೆರಳು ಒಮ್ಮೆ ನಾಲಿಗೆ ಮುಟ್ಟಿ, ಗಾಳಿಯಲ್ಲೊಂದು ಅರ್ಧಚಂದ್ರ ಬರೆದು ಇಳಿಯಿತೆಂದರೆ ಎಷ್ಟೇ ಅಂಟಿಕೊಂಡ ಹಾಳೆಯೂ ಶರಣಾಗಿ ಮಗ್ಗುಲು ಬದಲಿಸಬೇಕು. ಹುತ್ರಿದುರ್ಗದ ತಪ್ಪಲಿನ ಅವರ ಶಾಲೆಯ ಮಕ್ಕಳು, ಲೋಕದ ಪುಟಗಳೆಲ್ಲ ತಿರುಗುವುದೇ ಎಂಜಲಿನ ಬಲದಿಂದ ಎಂದು ನಂಬಿದ್ದರು.

ಕೊರೊನಾ ಬಂತು. ಶಾಲೆಗೆ ಬೀಗ ಬಿದ್ದು ಪಾಠ ಫೋನಿಗೆ ಇಳಿಯಿತು. ಮೊದಲ ವಾರ ಎರಡನೇ ತರಗತಿ ಪೂರ್ತಿ ಪರದೆಯ ಮೇಲಿತ್ತು. ಆಮೇಲೆ ಒಬ್ಬನಿಗೆ ಹೊಟ್ಟೆನೋವು, ಒಬ್ಬಳ ಮನೆಯಲ್ಲಿ ಕರೆಂಟಿಲ್ಲ, ಇನ್ನೊಬ್ಬನಂತೂ ಫೋನನ್ನು ಹಸುವಿನ ಮುಖಕ್ಕೆ ತಿರುಗಿಸಿಟ್ಟು ಆಟಕ್ಕೆ ಹೋದ. ಹಸು ಮಾತ್ರ ಕೊನೆಯವರೆಗೂ ಶ್ರದ್ಧೆಯಿಂದ ಕೇಳಿತು. ಮಿಸ್ಸಿಗೆ ನಗು ಬಂದರೂ ಒಳಗೆ ಕಳವಳ. ಈಗಷ್ಟೇ ಅಕ್ಷರ ಕೂಡಿಸಲು ಕಲಿತ ಮಕ್ಕಳು. ಹೀಗೇ ಬಿಟ್ಟರೆ ಶಾಲೆ ತೆರೆಯುವಷ್ಟರಲ್ಲಿ ಎಲ್ಲ ಮರೆತಿರುತ್ತಾರೆ.

ಕೊನೆಯ ಅಸ್ತ್ರವಾಗಿ ಬಣ್ಣದ ಚಿತ್ರಗಳ ಡಿಜಿಟಲ್ ಕಥೆಪುಸ್ತಕವೊಂದನ್ನು ಡೌನ್‌ಲೋಡ್ ಮಾಡಿಕೊಂಡು, ಎಲ್ಲರ ಪರದೆಯ ಮೇಲೂ ಕಾಣುವಂತೆ ತೆರೆದು ಓದತೊಡಗಿದರು. ಕರಡಿ ಬಾವಿಗೆ ಬಿತ್ತು. ಪುಟ ತಿರುಗಬೇಕು. ಊರಿಗೆ ಊರೇ ಕೈಗೆ ಸ್ಯಾನಿಟೈಸರ್ ಹಚ್ಚುತ್ತಿದ್ದ ಆ ಕಾಲದಲ್ಲೂ ಬೆರಳು ತನ್ನ ಧರ್ಮ ಬಿಡಲಿಲ್ಲ. ನಾಲಿಗೆಗೆ ಹೋಗಿ ಬಂದು ಗಾಜಿನ ಮೇಲೆ ಜಾರಿತು. ನಡುವಿನ ಪುಟಗಳೆಲ್ಲ ಹಾರಿಹೋಗಿ, ಕರಡಿ ಪೇಟ ಸುತ್ತಿಕೊಂಡು ಮದುವೆ ಊಟಕ್ಕೆ ಕೂತಿತ್ತು. ಮಿಸ್ ಅದೇ ರಾಗದಲ್ಲಿ ಓದುತ್ತಲೇ ಹೋದರು.

ಮೊಮ್ಮಗಳು ಚೈತನ್ಯಳಿಗೆ ಫೋನ್ ಹಿಡಿದು ಕೂತಿದ್ದ ಕದರಮ್ಮನಿಗೆ ತಡೆಯಲಾಗಲಿಲ್ಲ.

“ಟೀಚರಮ್ಮ, ಬಾವಿಗೆ ಬಿದ್ದಿದ್ದ ಕರಡಿ ಎದ್ದಿದ್ದು ಯಾವಾಗವ್ವ? ಮೈ ಒರೆಸ್ಕಳ್ದೆ ಊಟಕ್ಕೆ ಕುಂತ್ಬುಡ್ತಾ?”

ಮಿಸ್ ಹಿಂದಿನ ಪುಟ ಹುಡುಕುವಷ್ಟರಲ್ಲಿ ಮಕ್ಕಳೇ ಕರಡಿಯನ್ನು ಎತ್ತತೊಡಗಿದ್ದರು. ಒಬ್ಬ ತೆಂಗಿನ ನಾರಿನ ಹಗ್ಗ ಇಳಿಬಿಟ್ಟ. ಚೈತನ್ಯ ಜೆಸಿಬಿ ತರಿಸಿದಳು. ಯಾರದು ಸರಿ ಎಂದು ಜಗಳ ಹತ್ತಿ, ತೀರ್ಪಿಗಾಗಿ, ಮಿಸ್ ಹುಡುಕಿ ತೆರೆದ ಬಿಟ್ಟುಹೋದ ಪುಟಗಳನ್ನು ಅವರೇ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಪುಸ್ತಕದ ಕರಡಿ, ಪಾಪ, ಮೆಟ್ಟಿಲು ಹತ್ತಿ ಬಂದಿತ್ತು. ಮರುದಿನ ಹೊಟ್ಟೆನೋವು ವಾಸಿಯಾಯಿತು, ಕರೆಂಟು ಬಂತು, ಹಸುವಿಗೆ ಪಾಠ ತಪ್ಪಿತು. ಎಲ್ಲರದೂ ಒಂದೇ ಹಟ: “ಮಿಸ್, ಬೆರಳು ನೆಕ್ಕಿ, ಪುಟ ಹಾರ್ಸಿ.”

ಸುದ್ದಿ ಕುಣಿಗಲ್ ದಾಟಿ ತುಮಕೂರು ಮುಟ್ಟಿತು. ಶಾಲೆ ತೆರೆದ ಮೇಲೆ ತುಮಕೂರಿನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಭಾಷಣಕಾರ ಭಾನುಪ್ರಕಾಶ್, ಮಕ್ಕಳ ಕುತೂಹಲ ಕೆರಳಿಸುವ ಈ ‘ಲುಪ್ತಪುಟ ಪದ್ಧತಿ’ ನಾಡಿಗೇ ಮಾದರಿ ಎಂದು ಹೊಗಳಿ, ಇದರ ಹಿಂದಿನ ಚಿಂತನೆಯನ್ನು ಮೇಡಂ ವಿವರಿಸಬೇಕೆಂದು ಮೈಕ್ ಕೊಟ್ಟರು. ಸಭೆಗೆ ಸಭೆಯೇ ಪೆನ್ನು ತೆರೆದು ಕಾಯಿತು.

“ಚಿಂತನೆ ಏನೂ ಮಾಡಿಲ್ಲ ಸಾರ್,” ಎಂದರು ಮಿಸ್. “ಎಂಜಲು ಜಾಸ್ತಿ ಆಗಿತ್ತು, ಜಾರ್ಬುಡ್ತು.”